ಸದ್ದು ಕಿತ್ತುಹಾಕಿದ ಕಂಪ್ಯೂಟರ್

ಹೊಂಗನೂರಿನಲ್ಲಿ ನನ್ನ ಅತ್ತಿಗೆ ಚಾಕಿ ಮನೆ ನಡೆಸುತ್ತಾರೆ. ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಎರಡನೇ ಜ್ವರ ಏಳುವವರೆಗೆ ಸಾಕಿ ರೈತರಿಗೆ ಕೊಡುತ್ತಾರೆ. ಹುಳು ಪೊರೆ ಬಿಡಲು ಅಲುಗದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುವುದು. ಆಗ ಸೊಪ್ಪು ಹಾಕುವಂತಿಲ್ಲ, ಬಾಗಿಲು ತೆಗೆಯುವಂತಿಲ್ಲ. ಹುಳುಗಳನ್ನು ಬೆಚ್ಚಗಿಡಲು ಒಳಗೆ ಹೀಟರ್ ಇತ್ತು; ಅಲ್ಲಿನ ಶಾಖವನ್ನು ಜಗುಲಿಯ ಮೇಲಿದ್ದ ಹಳೇ ಕಂಪ್ಯೂಟರ್ ತೋರಿಸುತ್ತಿತ್ತು. ಶಾಖ ಏರಿದರೆ ಕೂಗುತ್ತಿತ್ತು.

ಅದು ಆನ್ ಆಗುವಷ್ಟರಲ್ಲಿ ಒಲೆಯ ಮೇಲಿನ ಮುದ್ದೆ ಬೆಂದಿರುತ್ತಿತ್ತು. ಚನ್ನಪಟ್ಟಣದ ರಿಪೇರಿಯವನು ಬಂದು, ತಾನೇ ಕತ್ತರಿಸಿ ಹಗುರ ಮಾಡಿದ್ದ ಆಪರೇಟಿಂಗ್ ಸಿಸ್ಟಮನ್ನು ಪೆನ್‌ಡ್ರೈವಿನಿಂದ ಹಾಕಿದ.

“ಬ್ಯಾಡದ್ದೆಲ್ಲ ಕಿತ್ತಾಕಿವ್ನಿ ಅಕ್ಕಾ. ಈಗ ಈ ಮುದುಕನಿಗೆ ಮದ್ವೆ ಮಾಡ್ಬೌದು ನೋಡಿ!”

ನಿಜಕ್ಕೂ ಓಡಿತು. ಅಂಕಿಗಳು ಸರಿಯಾಗಿ ಬರುತ್ತಿದ್ದವು.

ಎರಡನೇ ಜ್ವರದ ದಿನ ಮಧ್ಯಾಹ್ನ ನಾವಿಬ್ಬರೂ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಕಂಪ್ಯೂಟರಿಗೆ ಬೆನ್ನು ಮಾಡಿ ಕೂತಿದ್ದೆವು. ಯಾವತ್ತೂ ಹಾಗೆಯೇ, ನಾವು ಕಾಯುತ್ತಿದ್ದದ್ದು ಕಿವಿಯಿಂದ. ನೀರು ಕುಡಿಯಲು ಎದ್ದಾಗ ನೋಡಿದೆ: ಕೆಂಪು ಅಂಕಿ ಮಿಟುಕುತ್ತಿತ್ತು. ಮೂವತ್ತಾರು. ಇಪ್ಪತ್ತೆಂಟು ದಾಟಬಾರದು. ಸದ್ದೇ ಇರಲಿಲ್ಲ.

“ಅತ್ಗೆ” ಅಂದೆ. ಅಂಕಿಯ ಕಡೆ ಕೈ ತೋರಿಸಿದೆ.

ಅವರು ಎದ್ದ ರಭಸಕ್ಕೆ ಮಡಿಲಿನ ಕಾಳು ಚೆಲ್ಲಿತು. ಬಾಗಿಲ ಹತ್ತಿರ ಹೋಗಿ ನಿಂತುಬಿಟ್ಟರು.

“ತೆಗೀರಿ ಅತ್ಗೆ!”

“ಜ್ವರದಾಗವೆ ಕಣವ್ವ...”

ಆಮೇಲೆ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಒಂದು ಪಾದ ಅದ್ದಿದರು, ಇನ್ನೊಂದು ಪಾದ ಅದ್ದಿದರು. ಒಳಗೆ ಸೋಂಕು ಹೋಗದಿರಲೆಂದು ದಿನಾ ಮಾಡುವುದು ಅದು; ಆಗಲೂ ಬಿಡಲಿಲ್ಲ. ಬಾಗಿಲು ತೆಗೆದಾಗ ಬಿಸಿ ಮುಖಕ್ಕೆ ಹೊಡೆಯಿತು. ತಾನಾಗಿ ನಿಲ್ಲಬೇಕಿದ್ದ ಹೀಟರ್ ನಿಂತಿರಲೇ ಇಲ್ಲ. ಪ್ಲಗ್ ಕಿತ್ತರು.

ತಟ್ಟೆಗಳ ತುಂಬ ಹುಳುಗಳು ತಲೆಯೆತ್ತಿ ಕೂತಿದ್ದವು. ಒಂದೂ ಅಲುಗಲಿಲ್ಲ. ಜ್ವರದ ಹುಳು ಅಲುಗುವುದಿಲ್ಲ. ಸತ್ತದ್ದೂ ಅಲುಗುವುದಿಲ್ಲ.

“ಬದುಕವಾ?”

“ಎದ್ರೆ ಬದುಕವೆ.”

ಹುಳು ಕೇಳಿದ್ದ ರೈತರು ಮನೆ ತೊಳೆದು, ಸೊಪ್ಪು ಬೆಳೆಸಿಕೊಂಡು ಕಾಯುತ್ತಿದ್ದರು. ಅತ್ತಿಗೆ ರಿಪೇರಿಯವನಿಗೆ ಫೋನ್ ಮಾಡಿದರು.

“ಸೌಂಡಾ? ಅದ್ರಾಗೆ ನೀವೇನ್ ಹಾಡು ಕೇಳ್ತೀರಾ ಅಂತ ತೆಗೆದ್ಬುಟ್ಟೆ ಕಣಕ್ಕಾ” ಅಂದ. ಅತ್ತಿಗೆ ಫೋನ್ ಇಟ್ಟರು.

ಮಾರನೇ ಬೆಳಿಗ್ಗೆ, ಜ್ವರ ಏಳುವ ಹೊತ್ತಿಗೆ, ಸಣ್ಣಗೆ ಹೆಚ್ಚಿದ ಸೊಪ್ಪನ್ನು ಉದುರಿಸಿ ನಿಂತೆವು. “ಸದ್ದು ಮಾಡಬ್ಯಾಡ” ಅಂದರು. ನಾನು ಮಾತೇ ಆಡಿರಲಿಲ್ಲ. ಬಾಗಿಲ ಕಡೆಯ ತಟ್ಟೆಯಲ್ಲಿ ಒಂದು ಹುಳು ಪೊರೆಯಿಂದ ಜಾರಿ ಎಲೆ ಹತ್ತಿತು. ಅದರ ಪಕ್ಕದ್ದು ಹತ್ತಿತು. ಆಮೇಲೆ ಆ ಸಾಲೆಲ್ಲ ಎದ್ದಿತು.

ಹೀಟರಿನ ಕಡೆಯ ತಟ್ಟೆಗಳಲ್ಲಿ ಸೊಪ್ಪು ಹಾಕಿದ ಹಾಗೆಯೇ ಬಾಡುತ್ತಿತ್ತು. ಅತ್ತಿಗೆ ಬಾಡಿದ್ದನ್ನು ತೆಗೆದು, ಅವುಗಳ ಮೇಲೆ ಹೊಸ ಸೊಪ್ಪು ಉದುರಿಸಿದರು.