ಜಲಜಕ್ಕನ ಕಡವಿನ ಊಟ

ಬಂಟ್ವಾಳ ಪೇಟೆಯ ಹಿಂದೆ, ನೇತ್ರಾವತಿಯ ಕಡವಿನಲ್ಲಿ ದೋಣಿಗಳು ಇನ್ನೂ ಸಾಲಾಗಿ ನಿಲ್ಲುತ್ತಿದ್ದ ಕಾಲ ಅದು. ಜಲಜಾಕ್ಷಿಯ ಹೋಟೆಲಿಗೆ ಬೋರ್ಡು ಇರಲಿಲ್ಲ, ಹೆಸರೂ ಇರಲಿಲ್ಲ. "ಜಲಜಕ್ಕನಲ್ಲಿ ಉಂಡು ಹೋಗುವ" ಎಂದರೆ ಮಂಗಳೂರು ಬಂದರಿನ ದೋಣಿಯವರಿಗೂ ಅರ್ಥವಾಗುತ್ತಿತ್ತು. ಮುಳಿಹುಲ್ಲಿನ ಮಾಡು, ಸೆಗಣಿ ಸಾರಿಸಿದ ಜಗಲಿ, ಕೂರಲು ಉದ್ದನೆಯ ಹಲಗೆಗಳು. ಜಗಲಿಯ ಒಂದು ಮಗ್ಗುಲು ಪೂರ್ತಿ ಹೊಳೆಗೆ ತೆರೆದಿತ್ತು. ಎಲೆಯ ಮುಂದೆ ಕೂತವರಿಗೆ ಎದುರಿಗೆ ನೀರು, ಹಾಯಿ ಇಳಿಸಿದ ದೋಣಿಗಳು, ಆಚೆ ದಡದ ತೆಂಗು ಕಾಣುತ್ತಿದ್ದವು.

ಜಲಜಾಕ್ಷಿ ಪುಂಜಾಲಕಟ್ಟೆಯವಳು. ಗಂಡ ನಿತ್ಯಾನಂದ ಮುಂಬಯಿಗೆ ಹೋಟೆಲ್ ಕೆಲಸಕ್ಕೆಂದು ಹೋದವನು ಅಲ್ಲಿಯೇ ಇನ್ನೊಂದು ಸಂಸಾರ ಹೂಡಿದ ಸುದ್ದಿ ಬಂದ ವರ್ಷ ಅವಳು ಒಲೆ ಹೂಡಿದ್ದು. ಅಳುತ್ತಾ ಕೂರುವ ಜಾತಿಯ ಹೆಂಗಸಲ್ಲ. ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ, ಬೂತಾಯಿ ಹುರಿದದ್ದು, ಸಿಕ್ಕಿದ ದಿನ ಕಾಣೆ ಮೀನು ಅಥವಾ ಸಿಗಡಿ. ಯಾರನ್ನೂ ಬೇಗ ಏಳಿ ಎಂದವಳಲ್ಲ. ಭರತದ ನೀರು ಏರಲೆಂದು ಕಾಯುವ ದೋಣಿಗರು ಉಂಡ ಎಲೆ ಎಸೆದು ಬಂದು, ಅದೇ ಕಂಬಕ್ಕೆ ಒರಗಿ ವೀಳ್ಯ ಮೆಲ್ಲುತ್ತಾ ಕೂರುತ್ತಿದ್ದರು. ಕಚೇರಿಯ ಗುಮಾಸ್ತರೂ ಭಾನುವಾರ ಚಪ್ಪಲಿ ಕಳಚಿಟ್ಟು ಅವರ ಪಕ್ಕದಲ್ಲೇ ಕೂತು ಮೀನಿನ ಮುಳ್ಳು ಬಿಡಿಸುತ್ತಿದ್ದರು.

ಅವಳ ಜೊತೆಗಿದ್ದವಳು ರುಕಿಯಾ. ಕಡವಿನ ಮೇಲಿನ ಓಣಿಯ ಬ್ಯಾರಿ ಹೆಂಗಸು, ವಿಧವೆ. ಮಸಾಲೆ ಅರೆಯುವುದು, ಮೀನು ಕೊಯ್ಯುವುದು ಅವಳ ಕೆಲಸ. ಬಡಿಸುವುದನ್ನು ಮಾತ್ರ ಜಲಜಾಕ್ಷಿ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಸೌಟು ಹಿಡಿದು ಸಾಲಿನಲ್ಲಿ ನಡೆದಳೆಂದರೆ ಬೇಡ ಎಂದವನ ಮಾತು ಅವಳ ಕಿವಿಗೆ ಬೀಳುತ್ತಿರಲಿಲ್ಲ.

ಐವತ್ತೇಳನೆಯ ಇಸವಿ. ಬಿಸು ಹಬ್ಬ ಹತ್ತಿರ ಬಂದಿತ್ತು, ರುಕಿಯಾಳಿಗೆ ರಂಜಾನ್ ಉಪವಾಸ ನಡೆದಿತ್ತು. ಒಂದು ಭಾನುವಾರ ಬೆಳಿಗ್ಗೆ ತುಕ್ರಪ್ಪ ಅಳಿವೆಯಿಂದ ಒಂದು ಗೋಣಿ ಮರುವಾಯಿ ತಂದ. ಹೊಳೆ ಕಡಲಿಗೆ ಸೇರುವಲ್ಲಿ ಮರಳು ಬಗೆದು ಚಿಪ್ಪು ಹೆಕ್ಕುವುದು ಅವನ ಕಸುಬು. ಜಲಜಾಕ್ಷಿಗೆ ತಂದು ಕೊಡುತ್ತಿದ್ದವನು ವರ್ಷಗಳಿಂದಲೂ ಅವನೇ.

"ಒಳ್ಳೇ ದಪ್ಪ ಉಂಟು ನೋಡಿ ಅಕ್ಕ. ಈ ವರ್ಷ ಇಂಥದ್ದು ಸಿಗಲೇ ಇಲ್ಲ" ಎಂದ.

ದಪ್ಪವೇ ಇತ್ತು. ನೀರು ಬದಲಿಸಿ ಬದಲಿಸಿ ತೊಳೆದರು. ಬೇಯಿಸಿದಾಗ ಬಾಯಿ ಬಿಡದ ಚಿಪ್ಪುಗಳನ್ನು ರುಕಿಯಾ ಹೆಕ್ಕಿ ಎಸೆದಳು. ತೆಂಗಿನಕಾಯಿ, ಹುರಿದ ಮೆಣಸು, ಕೊತ್ತಂಬರಿ ಹಾಕಿ ಸುಕ್ಕ ಮಾಡಿ, ಜೊತೆಗೆ ಅಕ್ಕಿಯ ಪುಂಡಿ ಬೇಯಿಸಿದರು. ಪರಿಮಳಕ್ಕೆ ಅಂಗಳದಲ್ಲಿ ಇದ್ದವರೆಲ್ಲ ಕೈತೊಳೆದು ಹೊತ್ತಿಗೆ ಮುಂಚೆಯೇ ಬಂದು ಕೂತರು.

ಧರ್ಣಪ್ಪ ಎಂದಿನಂತೆ ಕೊನೆಯ ಕಂಬದ ಬಳಿ ಕೂತಿದ್ದ. ಪಾಣೆಮಂಗಳೂರಿನ ಕಡೆಯ ದೋಣಿಗ. ಮಾತು ಕಡಿಮೆ, ನಗು ಜಾಸ್ತಿ. ಉಪ್ಪು, ಹಂಚು ತಂದಿಳಿಸಿ ಅಕ್ಕಿ, ಬೆಲ್ಲ ಹೇರಿಕೊಂಡು ಹೋಗುವವನು. ಸುಕ್ಕ ತಿಂದು ಮುಗಿಸಿದವನ ಎಲೆಯ ಮುಂದೆ ಜಲಜಾಕ್ಷಿ ಮತ್ತೆ ಸೌಟು ತಂದಾಗ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದ.

"ಸಾಕು ಅಕ್ಕ."

"ಮನೆಯಲ್ಲಿ ಸರಸಕ್ಕ ಬಡಿಸಿದ್ದರೆ ಸಾಕು ಅಂತಿದ್ದಿರಾ? ಕೈ ತೆಗೀರಿ."

ಪಕ್ಕದವರು ನಕ್ಕರು. ಧರ್ಣಪ್ಪನೂ ನಕ್ಕು ಕೈ ತೆಗೆದ. ಅವಳು ಸೌಟು ತುಂಬ ಸುರಿದಳು. ಅವನು ಅಷ್ಟನ್ನೂ ತಿಂದ.

ವೀಳ್ಯ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತಿನಲ್ಲಿ ಅವನು ತುಟಿ ಮುಟ್ಟಿ ನೋಡಿಕೊಂಡ. "ಸುಣ್ಣ ಹೆಚ್ಚಾಯಿತೋ ಏನೋ. ಬಾಯಿ ಎಲ್ಲಾ ಜುಮ್ಮೆನ್ನುತ್ತದೆ."

"ನನಗೂ ಹಾಗೇ ಆಗ್ತದೆ ಮಾರಾಯ. ನಾನು ಸುಣ್ಣ ಹಾಕಲೇ ಇಲ್ಲ" ಎಂದ ಅವನ ಜೊತೆಗಾರ.

ಇನ್ನೊಬ್ಬನ ಬೆರಳುಗಳು ಮರಗಟ್ಟಿದವು. ಒಬ್ಬ ಗುಮಾಸ್ತ ಅಂಗಳಕ್ಕೆ ಓಡಿ ವಾಂತಿ ಮಾಡಿದ. ದೋಣಿಗೆ ಹೋಗಿ ಮಲಗುತ್ತೇನೆಂದು ಎದ್ದ ಧರ್ಣಪ್ಪನ ಮೊಣಕಾಲು ಮಡಚಿತು. ಹಿಡಿಯಲು ಬಂದವರನ್ನು ಅವನು ಗಾಬರಿಯಿಂದ ನೋಡಿದ. "ಕಾಲು ಎಲ್ಲುಂಟು ಅಂತಲೇ ಗೊತ್ತಾಗುವುದಿಲ್ಲ." ಅದೇ ಅವನ ಕೊನೆಯ ಸ್ಪಷ್ಟ ಮಾತು. ಆಮೇಲೆ ನಾಲಿಗೆಯೂ ತೊದಲಿತು.

ಪೇಟೆಯ ಡಾಕ್ಟರು ಕಾಲರಾ ಇರಬಹುದೆಂದು ಓಡಿ ಬಂದರು. ಇದು ಕಾಲರಾ ಅಲ್ಲವೆಂದು ಬೇಗನೆ ತಿಳಿಯಿತು, ಏನೆಂದು ತಿಳಿಯಲಿಲ್ಲ. ಬಾಯಿಗೆ ಹನಿಸಿದ ನೀರು ಧರ್ಣಪ್ಪನ ಗಂಟಲಿನಲ್ಲಿ ಇಳಿಯದೆ ಕಟವಾಯಿಯಿಂದ ಹೊರಗೆ ಹರಿಯಿತು. ಕಣ್ಣು ಮಾತ್ರ ಎಚ್ಚರವಾಗಿತ್ತು. ಜಲಜಾಕ್ಷಿ ಅವನ ಎದೆ ಉಜ್ಜುತ್ತಾ ಕೂತಿದ್ದಳು, ಆ ಕಣ್ಣು ಅವಳನ್ನೇ ನೋಡುತ್ತಿತ್ತು. ಬಿಸಿಲು ಇಳಿಯುವ ಮೊದಲೇ ಅವಳ ಕೈಯಡಿಯಲ್ಲಿ ಅವನ ಉಸಿರು ನಿಂತಿತು.

ಅಂಗಳ ತುಂಬ ಜನ ಸೇರಿದ್ದರು. ತುಕ್ರಪ್ಪನನ್ನು ದೋಣಿಗರು ಎಳೆದು ತಂದು ತೆಂಗಿನ ಮರಕ್ಕೆ ಒತ್ತಿ ಹಿಡಿದಿದ್ದರು. ಅವನ ಮೂಗಿನಿಂದ ರಕ್ತ ಸೋರುತ್ತಿತ್ತು. "ದೇವರಾಣೆ ನಾನು ಏನೂ ಹಾಕಲಿಲ್ಲ" ಎಂದು ಅವನು ಕೂಗುತ್ತಲೇ ಇದ್ದ. ಆಗ ಹಿಂದಿನಿಂದ ಯಾರೋ ಕೇಳಿದರು:

"ಇವಳು ಯಾಕೆ ತಿನ್ನಲಿಲ್ಲ?"

ಜನ ಜಲಜಾಕ್ಷಿಯ ಕಡೆ ತಿರುಗಿದರು.

"ಅಡುಗೆ ಮಾಡಿದವಳು ತಿನ್ನಲಿಲ್ಲ. ಅರೆದು ಕೊಟ್ಟವಳೂ ತಿನ್ನಲಿಲ್ಲ. ಹೇಗೆ ಅದು?"

"ನನಗೆ ಉಪವಾಸ ಅಂತ ನಿಮಗೆ ಗೊತ್ತಿಲ್ವಾ?" ರುಕಿಯಾ ಸಿಡಿದಳು. "ಜಲಜಕ್ಕ ಎಲ್ಲರದ್ದೂ ಆದ ಮೇಲೆ ಉಣ್ಣುವುದು. ಇಷ್ಟು ವರ್ಷ ನೋಡಲಿಲ್ವಾ?"

ನೋಡಿದ್ದರು. ಆದರೂ ಅದೇ ಬೆಳಿಗ್ಗೆ ಅಕ್ಕ ಎಂದು ಕರೆದವರು ಈಗ ಮುಖ ತಿರುಗಿಸಿದರು. ಜಲಜಾಕ್ಷಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ತಲೆಯಲ್ಲಿ ಒಂದೇ ವಿಚಾರ ಸುತ್ತುತ್ತಿತ್ತು. ನನ್ನ ಅಡುಗೆಯಲ್ಲಿ ವಿಷ ಇರಲಿಕ್ಕೆ ಸಾಧ್ಯವೇ ಇಲ್ಲ, ಇನ್ನೇನೋ ಆಗಿದೆ. ಅವಳು ಒಳಗೆ ಹೋದಳು. ತನಗೆಂದು ತೆಗೆದಿಟ್ಟ ಸುಕ್ಕದ ಮಣ್ಣಿನ ಪಾತ್ರೆ ಹಿಡಿದು ಹೊರಬಂದು, ಜನರ ಎದುರಿಗೆ ನಿಂತು ಕೈಯಲ್ಲಿ ತೆಗೆದು ತೆಗೆದು ತಿನ್ನತೊಡಗಿದಳು.

"ಏ ಹುಚ್ಚಿ, ನಿಲ್ಲಿಸು!" ಎಂದು ಕೂಗಿದವರು ಮೇಲಿನ ಅಕ್ಕಿ ಮಂಡಿಯ ಯಜಮಾನ ಸಂಪತ್‌ಕುಮಾರರು. ಜೈನರು. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡೇ ಕಡವಿಗೆ ಇಳಿಯುತ್ತಿದ್ದವರು. ಅವರು ಜನರನ್ನು ಸರಿಸಿ ಹತ್ತಿರ ಬರುವುದರೊಳಗೆ ರುಕಿಯಾ ಪಾತ್ರೆಗೆ ಹೊಡೆದಳು. ಅದು ಬಿದ್ದು ಒಡೆಯಿತು. ಅಷ್ಟರಲ್ಲಿ ಜಲಜಾಕ್ಷಿ ಹಲವು ತುತ್ತು ತಿಂದಾಗಿತ್ತು.

ಯಾರೂ ಮನೆಗೆ ಹೋಗಲಿಲ್ಲ. ಜಲಜಾಕ್ಷಿ ಮೆಟ್ಟಿಲ ಮೇಲೆ ಕೂತಳು. ಏನೂ ಆಗದಿರಲಿ ಎಂದು ಅವಳು ಬಯಸಿದ್ದು ಬದುಕುವ ಆಸೆಗಲ್ಲ, ಅಡುಗೆಯಲ್ಲಿ ದೋಷವಿಲ್ಲವೆಂದು ಗೊತ್ತಾಗಲಿ ಎಂದು. ಸ್ವಲ್ಪ ಹೊತ್ತಿಗೆ ತುಟಿಯ ಮೇಲೆ ಇರುವೆ ಹರಿದಂತಾಯಿತು. ಒರೆಸಿಕೊಂಡಳು. ಇರುವೆ ಇರಲಿಲ್ಲ. ಆಗ ಅವಳಿಗೆ ತಿಳಿಯಿತು. ಧರ್ಣಪ್ಪನನ್ನು ಕೊಂದದ್ದು ತನ್ನ ಸೌಟು.

ಸಂಪತ್‌ಕುಮಾರರು ತಮ್ಮ ಕಾರು ತರಿಸಿದರು. ಮೊದಲು ಯಾರು ಅವಳನ್ನು ಅನುಮಾನಿಸಿದ್ದರೋ ಅವರೇ ಎತ್ತಿ ಕಾರಿನಲ್ಲಿ ಮಲಗಿಸಿದರು. ಮಂಗಳೂರಿನ ಆಸ್ಪತ್ರೆ ಸೇರುವ ಹೊತ್ತಿಗೆ ರೆಪ್ಪೆ ಎತ್ತುವ ಶಕ್ತಿಯೂ ಅವಳಿಗೆ ಇರಲಿಲ್ಲ. ಕಿವಿ ಮಾತ್ರ ಕೇಳುತ್ತಿತ್ತು. "ಇದೂ ಉಳಿಯುವ ಕೇಸಲ್ಲ" ಎಂದು ಯಾರೋ ಹೇಳಿದ್ದು ಕೇಳಿತು. ರುಕಿಯಾ ಪ್ರಾರ್ಥನೆ ಮಾಡುವುದು ಕೇಳಿತು. ಎದೆಯ ಮೇಲೆ ಗೋಣಿಚೀಲ ಹೇರಿದ ಹಾಗೆ ಉಸಿರು ಭಾರವಾದಾಗ ಯಾರದೋ ಕೈಗಳು ಪಕ್ಕೆ ಒತ್ತಿ ಒತ್ತಿ ಗಾಳಿ ಆಡಿಸಿದವು. ಧರ್ಣಪ್ಪನಿಗೂ ಹೀಗೆಯೇ ಎಲ್ಲವೂ ಕೇಳಿಸಿರಬೇಕು ಎಂದುಕೊಂಡಳು. ಅವನು ಸಾಯುತ್ತಿದ್ದಾಗ ಅವನ ಬಳಿ ಜನ ಏನೇನು ಮಾತಾಡಿದ್ದರೆಂದು ನೆನಪಿಸಿಕೊಳ್ಳಲು ನೋಡಿದಳು, ಆಗಲಿಲ್ಲ.

ಮರುದಿನ ಬೆರಳು ಅಲುಗಿತು. ಆಮೇಲೆ ಬೇಗ ಬೇಗ ಚೇತರಿಸಿಕೊಂಡಳು. ಕಾಯಿಲೆ ಬಿದ್ದ ಉಳಿದವರೂ ಎದ್ದರು. ಸತ್ತವನು ಧರ್ಣಪ್ಪ ಒಬ್ಬನೇ. ಎರಡು ಸಲ ಬಡಿಸಿಕೊಂಡವನು ಅವನೊಬ್ಬನೇ.

ದೊಡ್ಡ ಡಾಕ್ಟರು ಅವಳ ಮಂಚದ ಬಳಿ ನಿಂತು ನಿಧಾನವಾಗಿ ವಿವರಿಸಿದರು. ಕಡಲಿನ ನೀರಿನಲ್ಲಿ ಕೆಲವೊಮ್ಮೆ ಕಣ್ಣಿಗೆ ಕಾಣದ ಒಂದು ಬಗೆಯ ಪಾಚಿ ಹೆಚ್ಚುತ್ತದೆ, ಚಿಪ್ಪಿನ ಹುಳು ಅದನ್ನು ತಿಂದು ವಿಷವನ್ನು ಒಳಗೆ ಇಟ್ಟುಕೊಳ್ಳುತ್ತದೆ. ತೊಳೆದರೂ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ.

"ಹಾಗಾಗಿ ನಿಮ್ಮ ತಪ್ಪಿಲ್ಲ. ಚಿಪ್ಪು ತಂದವನದ್ದೂ ಇಲ್ಲ. ಪೊಲೀಸರಿಗೂ ನಾನು ಹಾಗೆಯೇ ಹೇಳಿದ್ದೇನೆ."

"ಕಡಿಮೆ ತಿಂದಿದ್ದರೆ ಬದುಕುತ್ತಿದ್ದರಾ?" ಎಂದು ಜಲಜಾಕ್ಷಿ ಕೇಳಿದಳು.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಅದನ್ನು ಹೇಳಲಿಕ್ಕೆ ಬರುವುದಿಲ್ಲ."

ಕಡವಿಗೆ ಮರಳಿದಾಗ ಅವಳನ್ನು ಬೈಯುವವರು ಯಾರೂ ಇರಲಿಲ್ಲ. ಪಾಪ ಎಂದರು, ಎಂಥಾ ಧೈರ್ಯ ಎಂದರು, ಊಟಕ್ಕೆ ಮಾತ್ರ ಬರಲಿಲ್ಲ. ದೋಣಿಗರು ದೋಣಿಯಲ್ಲೇ ಗಂಜಿ ಬೇಯಿಸಿಕೊಂಡರು. ತುಕ್ರಪ್ಪ ಮತ್ತೆ ಅಳಿವೆಗೆ ಇಳಿಯಲೇ ಇಲ್ಲ. ಬೆಳ್ತಂಗಡಿಯ ಕಡೆ ರಸ್ತೆ ಕೆಲಸಕ್ಕೆ ಸೇರಿದ ಎಂದು ಸುದ್ದಿ ಬಂತು. ಜಲಜಾಕ್ಷಿ ದಿನಾ ಒಲೆ ಹಚ್ಚುತ್ತಿದ್ದಳು. ಬೇಯಿಸಿದ್ದನ್ನು ತಾನೂ ರುಕಿಯಾಳೂ ತಿಂದು ಮಿಕ್ಕಿದ್ದನ್ನು ಹೊಳೆಗೆ ಚೆಲ್ಲುತ್ತಿದ್ದರು.

"ಪುಂಜಾಲಕಟ್ಟೆಗೆ, ಅಣ್ಣನ ಮನೆಗೆ ಹೋಗಿ ಸ್ವಲ್ಪ ಸಮಯ ಇರಿ" ಎಂದಳು ರುಕಿಯಾ.

"ಹೋದರೆ ಓಡಿಹೋದಳು ಅಂತಾರೆ."

"ಅನ್ನಲಿ."

"ಹೋದರೆ ಓಡಿಹೋದೆ ಅಂತ ನನಗೂ ಅನಿಸ್ತದೆ ರುಕಿಯಾ. ಅದಕ್ಕೇ ಹೋಗುವುದಿಲ್ಲ."

ಮಳೆಗಾಲ ಮುಗಿದು ಕೆಂಪು ನೀರು ತಿಳಿಯಾಗುತ್ತಿದ್ದ ಒಂದು ಮಧ್ಯಾಹ್ನ ಆಚೆ ದಡದಿಂದ ಬಂದ ದೋಣಿಯಿಂದ ಹೆಂಗಸೊಬ್ಬಳು ಇಳಿದಳು. ಕುಂಕುಮವಿಲ್ಲದ ಹಣೆ, ಕೈಯಲ್ಲಿ ಕೊಡೆ. ಕಡವಿನಲ್ಲಿ ಇದ್ದವರು ಗುರುತು ಹಿಡಿದು ಕೆಲಸ ನಿಲ್ಲಿಸಿದರು. ಧರ್ಣಪ್ಪನ ಹೆಂಡತಿ ಸರಸ. ಅವಳು ನೇರ ಜಗಲಿಗೆ ಬಂದು ಹಲಗೆಯ ಮೇಲೆ ಕೂತಳು.

"ಊಟ ಉಂಟಾ?"

ಜಲಜಾಕ್ಷಿ ಎಲೆ ಹಾಕಿದಳು. ಅನ್ನ ಬಡಿಸಿದಳು, ಬಂಗುಡೆ ಗಸಿ ಬಡಿಸಿದಳು. ಆಮೇಲೆ ತನಗೂ ಒಂದು ಎಲೆ ಹಾಕಿಕೊಂಡು, ಎದುರಿಗೆ ಕೂತು, ಮೊದಲ ತುತ್ತು ತಾನೇ ತಿಂದಳು. ಸರಸ ಅದನ್ನು ನೋಡಿದಳು, ಆದರೆ ಅನ್ನಕ್ಕೆ ಕೈ ಹಾಕಲಿಲ್ಲ.

"ಒಂದು ಕೇಳ್ಬೇಕು ಅಂತ ಬಂದೆ. ಅವರಿಗೆ ಮರುವಾಯಿ ಆಗ್ತಿರಲಿಲ್ಲ. ಮರಳು ಹಲ್ಲಿಗೆ ಸಿಗ್ತದೆ ಅಂತ ಮನೆಯಲ್ಲಿ ಮುಟ್ಟುತ್ತಿರಲಿಲ್ಲ. ನಿಮ್ಮಲ್ಲಿ ಹೇಗೆ ಅಷ್ಟು ತಿಂದರು?"

ಜಲಜಾಕ್ಷಿಯ ಕೈ ಎಲೆಯ ಮೇಲೆ ಹಾಗೆಯೇ ನಿಂತಿತು. ಇಷ್ಟು ವರ್ಷ ಮರುವಾಯಿ ಮಾಡಿದ ಪ್ರತಿ ದಿನವೂ ಆ ಮನುಷ್ಯ ನಗುತ್ತಾ ತಿಂದು ಎದ್ದಿದ್ದ. ಒಂದು ದಿನವೂ ಇಷ್ಟವಿಲ್ಲ ಎಂದಿರಲಿಲ್ಲ.

"ಸಾಕು ಅಂತ ಕೈ ಅಡ್ಡ ಹಿಡಿದಿದ್ದರು" ಎಂದಳು. "ನಾನೇ ಬಲವಂತದಿಂದ ಬಡಿಸಿದೆ. ನಿಮ್ಮ ಹೆಸರು ಹೇಳಿ ತಮಾಷೆ ಮಾಡಿ ಬಡಿಸಿದೆ."

ಕೆಳಗೆ ಯಾರೋ ದೋಣಿಯ ನೀರು ಮೊಗೆದು ಚೆಲ್ಲುತ್ತಿದ್ದರು. ಸರಸ ಆ ಕಡೆಗೆ ತಿರುಗಿದಳು. ಎದ್ದು ಹೋಗುತ್ತಾಳೆ ಎಂದುಕೊಂಡಳು ಜಲಜಾಕ್ಷಿ. ಮುಖಕ್ಕೆ ಎಲೆ ಎಸೆದರೂ ಸರಿ ಎಂದುಕೊಂಡಳು.

"ಬೇಡ ಅನ್ನಲಿಕ್ಕೆ ಅವರಿಗೆ ಬರುತ್ತಿರಲಿಲ್ಲ" ಎಂದಳು ಸರಸ ಕೊನೆಗೆ. "ಯಾರ ಹತ್ತಿರವೂ."

ಕ್ಷಮಿಸಿದೆ ಎನ್ನಲಿಲ್ಲ, ಶಪಿಸಲೂ ಇಲ್ಲ. ತಣ್ಣಗಾದ ಅನ್ನ ಕಲಸಿ ಪೂರ್ತಿ ಉಂಡಳು. ಕೈ ತೊಳೆದು, ಕೊಡೆ ತೆಗೆದುಕೊಂಡು, ಅದೇ ದೋಣಿಯಲ್ಲಿ ಆಚೆ ದಡಕ್ಕೆ ಹೋದಳು.

ಧರ್ಣಪ್ಪನ ಹೆಂಡತಿ ಕೂತು ಉಂಡದ್ದನ್ನು ಕಡವು ಪೂರ್ತಿ ನೋಡಿತ್ತು. ಮರುದಿನ ಇಬ್ಬರು ದೋಣಿಗರು ಬಂದು ಕೂತರು. ನಿಧಾನವಾಗಿ ಉಳಿದವರೂ ಬಂದರು. ಆದರೆ ಹಿಂದಿನ ಹಾಗೆ ಕಂಬಕ್ಕೆ ಒರಗಿ ಹೊತ್ತು ಕಳೆಯುವವರು ಕಡಿಮೆಯಾದರು. ಜಲಜಾಕ್ಷಿಯೂ ಬಡಿಸುವ ಕೆಲಸ ರುಕಿಯಾಳಿಗೆ ಬಿಟ್ಟು ಒಲೆಯ ಬಳಿಯೇ ಉಳಿದಳು. ಉಣ್ಣುವವರ ಮುಖ ನೋಡಲು ಅವಳಿಗೆ ಆಗುತ್ತಿರಲಿಲ್ಲ. ಯಾರಾದರೂ ಕೆಮ್ಮಿದರೂ ಒಳಗಿನಿಂದ ಓಡಿ ಬರುತ್ತಿದ್ದಳು.

ಲಾರಿಗಳು ಹೆಚ್ಚಿದವು, ದೋಣಿಗಳು ಕಡಿಮೆಯಾದವು. ಅರವತ್ತರ ದಶಕದ ಆರಂಭದಲ್ಲಿ ಕಡವಿನಲ್ಲಿ ಉಣ್ಣುವವರೇ ಇಲ್ಲವಾದಾಗ ಅವಳು ಬಿ.ಸಿ.ರೋಡಿನ ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ಹಿಡಿದಳು. ಅಲ್ಲಿ ಹೊಳೆಯೂ ಇಲ್ಲ, ಗಾಳಿಯೂ ಇಲ್ಲ. ಬಸ್ಸಿನವರು ಹಾರ್ನ್ ಹಾಕುವಷ್ಟರಲ್ಲಿ ಜನ ಉಂಡು ಓಡುತ್ತಿದ್ದರು. ಅವಳಿಗೆ ಅದೇ ಒಳ್ಳೆಯದೆನಿಸಿತು.

ಒಂದು ದಿನ ನೀರಿನ ಕೊಡ ತರುವಾಗ ಬೆಳ್ತಂಗಡಿಗೆ ಹೊರಟ ಬಸ್ಸಿನ ಕಿಟಕಿಯಲ್ಲಿ ಸರಸ ಕಂಡಳು. ಕೂದಲು ನರೆತಿತ್ತು, ಮಡಿಲಲ್ಲಿ ಮೊಮ್ಮಗು. ಇಬ್ಬರೂ ಒಂದು ಕ್ಷಣ ನೋಡಿಕೊಂಡರು. ಜಲಜಾಕ್ಷಿ ಕೊಡ ಕೆಳಗಿಟ್ಟಳು.

"ಇವತ್ತು ಏನು ಮೀನು?" ಎಂದು ಸರಸಳೇ ಕೇಳಿದಳು.

"ಕಾಣೆ. ಕಾಣೆ ಸಿಕ್ಕಿತು ಇವತ್ತು."

ಸರಸ ತಲೆಯಾಡಿಸಿದಳು. ಕಂಡಕ್ಟರ್ ಬಾಗಿಲು ಬಡಿದ, ಬಸ್ಸು ಹೊರಟಿತು. ಒಳಗಿನಿಂದ ಯಾರೋ ಸಾರು ಕೇಳುತ್ತಿದ್ದರು. ಜಲಜಾಕ್ಷಿ ಕೊಡ ಎತ್ತಿಕೊಂಡು ಒಳಗೆ ಹೋದಳು.