ಹಳೆಯ ಜೀಪಿನ ಸ್ಟೇರಿಂಗ್, ನನ್ನ ಎರಡು ವರದಿಗಳು

ಕಳೆದ ತಿಂಗಳು ಹುಮನಾಬಾದಿನ ಹೆದ್ದಾರಿ ಬದಿಯ ಒಂದು ಶೆಡ್ಡಿನ ಮುಂದೆ ಹಾದುಹೋಗುವಾಗ, ಒಳಗೆ ಯಾರೋ ಕಬ್ಬಿಣದ ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಹಳೆಯ ಗ್ರೀಸು ಸೀಮೆಎಣ್ಣೆಯಲ್ಲಿ ಕರಗುವಾಗ ಏಳುವ ಆ ವಾಸನೆ… ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಕಚೇರಿಯ ಡ್ರೈವರ್ ಕಾಕಾ ನೆನಪಾದರು.

ಅದು ಎಪ್ಪತ್ತರ ದಶಕದ ಆರಂಭ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಹುಮನಾಬಾದಿನ ಒಂದು ಸರ್ಕಾರಿ ಕಚೇರಿಗೆ ಗುಮಾಸ್ತನಾಗಿ ಸೇರಿದ್ದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಕಾಕಾ ನನಗಿಂತ ಬಹಳ ಹಿರಿಯರು. ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿತವರು. ಕನ್ನಡ ಅವರ ಮನೆಮಾತಾಗಿತ್ತು, ಆದರೆ ಓದಲು ಬರುತ್ತಿರಲಿಲ್ಲ. ವರ್ಷಗಟ್ಟಲೆ ದುಡಿದಿದ್ದರೂ ಅವರು ಇನ್ನೂ ದಿನಗೂಲಿಯವರೇ. ಆ ವರ್ಷವಾದರೂ ಕಾಯಂ ಮಾಡಿಯಾರು ಎಂದು ಕಾದಿದ್ದರು.

ಕಚೇರಿಯ ಜೀಪು ಅವರಿಗಿಂತಲೂ ಹೆಚ್ಚು ದಣಿದಿತ್ತು. ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಸಾಗುವಂಥದು. ಮಳೆಗಾಲದಲ್ಲಿ ಮಂಠಾಳದ ಕಡೆಯ ಎರೆಮಣ್ಣಿನಲ್ಲಿ ಬೇರೆ ವಾಹನಗಳು ಹೂತು ನಿಂತರೂ ಅದು ಎದ್ದು ಬರುತ್ತಿತ್ತು. ಆದರೆ ಅದರ ಸ್ಟೇರಿಂಗ್ ಸಡಿಲವಾಯಿತು. ಅಂಗೈ ಅಗಲ ತಿರುಗಿಸಿದರೂ ಮುಂದಿನ ಗಾಲಿಗಳಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ರಿಪೇರಿಯವರು ಬಂದು, ಸ್ಟೇರಿಂಗ್ ಕಂಬದ ಬುಡದಲ್ಲಿರುವ ಗೇರಿನ ಡಬ್ಬಿಯ ತಿರುಪನ್ನು ಬಿಗಿದು ಹೋದರು. ತಿರುಗಿಸುವುದು ಭಾರವಾಯಿತು, ಸಡಿಲು ಹಾಗೆಯೇ ಉಳಿಯಿತು.

ಮರುದಿನ ಸಾಹೇಬರು ಬಸವಕಲ್ಯಾಣಕ್ಕೆ ಹೊರಟು ನಿಂತರು. ಕಾಕಾ ಜೀಪಿನ ಕೀಲಿಕೈಯನ್ನು ಅವರ ಮೇಜಿನ ಮೇಲಿಟ್ಟರು.

“ಇದನ್ನ ತಗೊಂಡು ರೋಡಿಗಿ ಹೋಗಂಗಿಲ್ರಿ ಸಾಹೇಬ್ರ. ಎದುರಿಗಿ ಲಾರಿ ಬಂದ್ರ ಗಾಡಿ ನನ್ನ ಮಾತು ಕೇಳಂಗಿಲ್ಲ.”

ನಿನ್ನೆ ತಾನೇ ರಿಪೇರಿಯಾಗಿದೆ, ಇವನಿಗೆ ದುಡಿಯುವ ಮನಸ್ಸಿಲ್ಲ ಎಂದರು ಸಾಹೇಬರು. ನನ್ನ ಕಡೆ ತಿರುಗಿ, ಮೇಲಿನವರಿಗೆ ಕಳಿಸಲು ವರದಿ ಬರೆಯುವಂತೆ ಹೇಳಿದರು. ಅಂಥ ವರದಿ ಹೋದರೆ ಕಾಕಾ ಮನೆಗೆ ಹೋದಂತೆಯೇ. ಆದರೂ ನಾನು ಜೀಪಿನತ್ತ ಕಣ್ಣನ್ನೂ ಹಾಯಿಸದೆ ಬರೆದೆ: ‘ಸುಳ್ಳು ನೆಪವೊಡ್ಡಿ ಕರ್ತವ್ಯಕ್ಕೆ ನಿರಾಕರಿಸಿರುತ್ತಾರೆ.’ ವಾಕ್ಯ ಸೊಗಸಾಗಿ ಬಂದಿದೆ ಎಂದು ಒಳಗೊಳಗೇ ಹಿಗ್ಗಿದ್ದೂ ನಿಜ.

ಅದಕ್ಕೆ ಕಾಕಾ ಅವರ ಸಹಿ ಬೇಕಿತ್ತು.

“ಏನ್ ಬರ್ದೀರಿ ಓದ್ರಿ, ಬಿ.ಎ. ಸಾಹೇಬ್ರ,” ಎಂದರು. ಓದಿದೆ.

“ನೆಪ ಅಂದ್ರ ಬಹಾನಾ, ಹೌದಿಲ್ರಿ?”

ಹೌದೆಂದೆ.

“ನೋಡಿ ಬರ್ದೀರೋ, ಕೇಳಿ ಬರ್ದೀರೋ?”

ಕೇಳಿ ಬರೆದದ್ದೆಂದು ಒಪ್ಪಿಕೊಂಡೆ. “ಬರ್ರಿ ಹಂಗಾರ. ನೋಡಿದ ಮ್ಯಾಲ ಬೇಕಾದ್ದು ಬರೀರಿ, ಸಹಿ ಮಾಡ್ತೀನಿ,” ಎಂದು ಹೊರಗೆ ನಡೆದರು.

ಅಂಗಳದಲ್ಲಿ ಜವಾನನನ್ನು ಸ್ಟೇರಿಂಗ್ ಮುಂದೆ ಕೂರಿಸಿ, ಎಡಕ್ಕೂ ಬಲಕ್ಕೂ ಸಣ್ಣಗೆ ಅಲ್ಲಾಡಿಸುತ್ತಿರಲು ಹೇಳಿದರು. ನನಗೆ ಜೀಪಿನ ಕೆಳಗೆ ಮಲಗಲು ಹೇಳಿದರು. ನನ್ನಲ್ಲಿದ್ದುದು ಒಂದೇ ಟೆರಿಲಿನ್ ಅಂಗಿ.

“ಅಂಗಿ ಮಾಸ್ತದಂತ ಅಂಜಾಕತ್ತೀರೇನ್ರಿ? ಡಬ್ಬಿ ಮ್ಯಾಲ ಅದ, ನಿಂತಲ್ಲೇ ಕೈಗಿ ಸಿಗ್ತದ. ಅದಕ್ಕೇ ಎಲ್ಲಾರೂ ಅದನ್ನೇ ಬಿಗೀತಾರ.”

ಮಲಗಿದೆ. ಕಾಕಾ ಪಕ್ಕದಲ್ಲೇ ಅಡ್ಡಾಗಿ, ನನ್ನ ಬೆರಳು ಹಿಡಿದು ಒಂದೊಂದೇ ಕೀಲಿನ ಮೇಲೆ ಇಡಿಸಿದರು. ಡಬ್ಬಿಯಿಂದ ಹೊರಟ ತೋಳು ಸ್ಟೇರಿಂಗಿನ ಜೊತೆಗೇ ಅಲುಗುತ್ತಿತ್ತು. ಅದಕ್ಕೆ ತಗುಲಿದ ಉದ್ದ ಸರಳೂ ಅಷ್ಟೇ. ಅಲ್ಲಿಯವರೆಗೆ ದೋಷ ಇರಲಿಲ್ಲ. ಮುಂದೆ, ಜೀಪಿನ ಮೂತಿಯ ನಡುವೆ, ಆ ಸರಳಿನ ಎಳೆತವನ್ನು ಎರಡೂ ಗಾಲಿಗಳಿಗೆ ಹಂಚುವ ಒಂದು ಸಣ್ಣ ಕಬ್ಬಿಣದ ತುಂಡು. ಅದಕ್ಕೆ ಬೆಲ್‌ಕ್ರ್ಯಾಂಕ್ ಎನ್ನುತ್ತಾರೆಂದು ಅಂದು ಕಲಿತೆ. ಬೆರಳಿಟ್ಟೆ. ಅದು ತನ್ನ ಗೂಟದ ಮೇಲೆ, ಬೀಳಲಿರುವ ಹಾಲುಹಲ್ಲಿನಂತೆ, ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲುತ್ತಿತ್ತು. ಗಾಲಿಗಳು ಮಾತ್ರ ಕದಲುತ್ತಿರಲಿಲ್ಲ.

“ಸಿಕ್ತೇನ್ರಿ?”

“ಸಿಕ್ತು, ಕಾಕಾ.”

“ಈಗ ಬರೀರಿ.”

ಒಳಗೆ ಹೋಗಿ ಮೊದಲಿನ ಹಾಳೆಯನ್ನು ಹರಿದೆ. ಬೆಲ್‌ಕ್ರ್ಯಾಂಕ್ ಸವೆದಿರುವುದನ್ನು ಸ್ವತಃ ಮುಟ್ಟಿ ನೋಡಿದ್ದೇನೆ, ಚಾಲಕರು ನಿರಾಕರಿಸಿದ್ದು ಸರಿ ಎಂದು ಬರೆದೆ. ಹಾಳೆಯ ಅಂಚಿನಲ್ಲಿ ನನ್ನ ಕಪ್ಪು ಬೆರಳುಗಳ ಗುರುತು ಮೂಡಿತ್ತು. ಸಾಹೇಬರು ಅದನ್ನು ಹಿಂದಕ್ಕೆ ನೂಕಿ, ಮೊದಲಿನಂತೆಯೇ ಬರೆದು ತರಲು ಹೇಳಿದರು. ನನ್ನ ನೌಕರಿಯೂ ಕಾಯಂ ಆಗಿಲ್ಲವೆಂದು ನೆನಪಿಸಿದರು. ಕಚೇರಿಯಲ್ಲಿ ಸದಾ ಪುಸ್ತಕದ ಭಾಷೆ ಆಡುತ್ತಿದ್ದ ನಾನು ಅಂದು ಮನೆಯ ಮಾತಿನಲ್ಲೇ ಹೇಳಿದೆ: “ನೀವೂ ಒಮ್ಮಿ ಕೆಳಗ ಮಲಗಿ ನೋಡ್ರಿ ಸರ್. ಆಮ್ಯಾಲ ನೀವು ಹೇಳ್ದಂಗ ಬರೀತೀನಿ.”

ಅವರು ಮಲಗಲಿಲ್ಲ. ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಹೋದರು. ಮುಂದಿನ ವಾರ ಬೆಲ್‌ಕ್ರ್ಯಾಂಕ್ ಬಿಚ್ಚಿದಾಗ, ಅದರ ಗೂಟ ಅರ್ಧಕ್ಕರ್ಧ ಸವೆದಿತ್ತು. ಸಾಹೇಬರು ವರದಿಯ ಮಾತನ್ನು ಮತ್ತೆ ಎತ್ತಲಿಲ್ಲ… ಆದರೆ ಕಾಯಂ ಆದವರ ಪಟ್ಟಿ ಬಂದಾಗ ಕಾಕಾ ಅವರ ಹೆಸರು ಅದರಲ್ಲಿರಲಿಲ್ಲ. ನನ್ನದು ಮರುವರ್ಷ ಬಂತು. ಅಷ್ಟರಲ್ಲಿ ಅವರು ಕೆಲಸ ಬಿಟ್ಟು ಚಿಟಗುಪ್ಪಕ್ಕೆ ಹೋಗಿ, ಯಾರದೋ ಟ್ರ್ಯಾಕ್ಟರ್ ನಡೆಸುತ್ತಿದ್ದರು. ಎಂಬತ್ತರ ದಶಕದಲ್ಲಿ ಅವರು ತೀರಿಕೊಂಡರು. ಸುದ್ದಿ ನನಗೆ ತಲುಪಿದ್ದು ಮಣ್ಣಾದ ಹದಿನೈದು ದಿನಗಳ ಮೇಲೆ.

ಅಂದು ಸುಮ್ಮನೆ ಗಾಡಿ ನಡೆಸಿದ್ದರೆ ಕಾಯಂ ಆಗುತ್ತಿದ್ದರು ಎಂದು ನನ್ನ ಹಳೆಯ ಸಹೋದ್ಯೋಗಿಗಳು ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ, ಅವರ ಮುಖಕ್ಕೇ ಹೇಳುತ್ತೇನೆ, ಒಪ್ಪುವುದಿಲ್ಲ. ಕಾಕಾ ಕೀಲಿಕೈ ಮೇಜಿನ ಮೇಲಿಟ್ಟದ್ದು ಸರಿ, ಅದರ ಫಲ ಏನೇ ಆಗಿರಲಿ. ಅದೇ ಸಹೋದ್ಯೋಗಿಗಳು ನನ್ನ ಎರಡನೆಯ ವರದಿಯನ್ನು ಹೊಗಳುವುದೂ ಉಂಟು. ಮೊದಲನೆಯದರ ಬಗ್ಗೆ ಯಾರೂ ಕೇಳುವುದಿಲ್ಲ. ಅದನ್ನು ಬರೆದವನೂ ನಾನೇ. ಅದಕ್ಕಾಗಿ ಒಂದು ಮಾತು ಕಾಕಾ ಅವರ ಎದುರು ನಿಂತು ಹೇಳಬೇಕಿತ್ತು. ಚಿಟಗುಪ್ಪ ದೂರವೇನಲ್ಲ… ಹತ್ತು ವರ್ಷ ಅವರು ಅಲ್ಲೇ ಇದ್ದರು, ನಾನು ಹೋಗಲಿಲ್ಲ.