ಶೀನಪ್ಪನವರ ಟ್ಯಾಂಕ್ ವ್ಯಾಗನ್

ಗಂಡ ದುಬೈಯಲ್ಲಿ ಏನು ಮಾಡುತ್ತಾನೆ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ವಸಂತಿ, "ಬಿಲ್ಡಿಂಗ್ ಕಟ್ಟುವುದು" ಎಂದು ಹೇಳಿಬಿಡುತ್ತಿದ್ದಳು. ಸುಳ್ಳೇನಲ್ಲ. ಪುರಂದರ ಕಟ್ಟುತ್ತಿದ್ದದ್ದು ಬಿಲ್ಡಿಂಗೇ, ಆದರೆ ಎತ್ತರ ಮೊಣಕಾಲಿನಷ್ಟು. ಇನ್ನೂ ಅಡಿಪಾಯವನ್ನೇ ತೋಡದ ಗೋಪುರಗಳನ್ನು ಅಕ್ರಿಲಿಕ್ ಹಾಳೆಯಲ್ಲಿ ಕತ್ತರಿಸಿ, ಅಂಟಿಸಿ, ಒಳಗೆ ಬಲ್ಬು ಉರಿಸಿ, ಬಾಗಿಲಲ್ಲಿ ಇರುವೆಗಿಂತ ಸ್ವಲ್ಪ ದೊಡ್ಡ ಮನುಷ್ಯರನ್ನು ನಿಲ್ಲಿಸುವ ಮಾದರಿ ಕಾರ್ಖಾನೆಯಲ್ಲಿ ಅವನು ಹಳಬ. ಫ್ಲಾಟು ಕೊಳ್ಳಲು ಬಂದವರು ಆ ಮಾದರಿಗೆ ಒಂದು ಸುತ್ತು ಬಂದು ಮುಂಗಡ ಕೊಟ್ಟು ಹೋಗುತ್ತಿದ್ದರು. ಎಷ್ಟೋ ಗೋಪುರಗಳು ಆ ಗಾಜಿನ ಪೆಟ್ಟಿಗೆಯೊಳಗೇ ಹುಟ್ಟಿ ಅಲ್ಲೇ ಸತ್ತವು. ಅದರ ಪಾಪಪುಣ್ಯ ಪುರಂದರನಿಗೆ ಸೇರಿದ್ದಲ್ಲ. ಅವನ ಹಟ ಒಂದೇ: ಅಳತೆ ತಪ್ಪಬಾರದು, ಇದ್ದದ್ದು ಇದ್ದ ಹಾಗೇ ಬರಬೇಕು.

ಅಲ್ ಮುರಕ್ಕಬಾತಿನ ಒಂದು ಬೆಡ್‌ರೂಮಿನ ಫ್ಲಾಟಿನಲ್ಲಿ ಅವನ ಸಂಸಾರ. ವಸಂತಿ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್, ಮಗಳು ಅಮಿತಾ ಶಾಲೆಗೆ ಹೋಗುವವಳು. ಪುರಂದರನ ತಾಯಿ ತೀರಿಕೊಂಡ ಮೇಲೆ ಅಪ್ಪ ಶೀನಪ್ಪನವರೂ ವೀಸಾ ಮಾಡಿಸಿಕೊಂಡು ಬಂದು ಹಾಲಿನ ಸೋಫಾದ ಮೇಲೆ ನೆಲೆಯಾದರು. ಮೀಟರ್ ಗೇಜ್ ಕಾಲದಲ್ಲಿ ಅವರು ರೈಲ್ವೆಯಲ್ಲಿ ವ್ಯಾಗನ್ ಫಿಟ್ಟರ್ ಆಗಿದ್ದವರು. ಘಟ್ಟದ ಬುಡದ ಸಣ್ಣ ಸ್ಟೇಷನ್ನುಗಳಲ್ಲಿ ಗೂಡ್ಸ್ ಗಾಡಿ ನಿಂತಾಗ ಅದರಡಿಗೆ ನುಗ್ಗಿ, ಚಕ್ರಕ್ಕೆ ಸುತ್ತಿಗೆ ಬಡಿದು ಸದ್ದು ಕೇಳಿ, ಸರಿಯಿದ್ದರೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಬಿಡುವುದು, ಇಲ್ಲದಿದ್ದರೆ ವ್ಯಾಗನ್ನನ್ನು ಕಳಚಿ ನಿಲ್ಲಿಸುವುದು ಅವರ ಕೆಲಸವಾಗಿತ್ತು.

ಹಾಗೆ ಸದ್ದಿನ ನಡುವೆ ದನಿಯೆತ್ತಿ ಬದುಕಿದ ಮನುಷ್ಯ ದುಬೈಗೆ ಬಂದು ಮಾತನ್ನೇ ಬಿಟ್ಟುಬಿಟ್ಟರು. ಊಟಕ್ಕೆ ಕರೆದರೆ ಬರುವರು, ಸಾಕೇ ಎಂದರೆ ತಲೆಯಾಡಿಸುವರು, ಅಷ್ಟೇ. ಡಾಕ್ಟರು ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿಸಿ, ರೋಗ ಯಾವುದೂ ಇಲ್ಲ, ದುಃಖ, ಮಾತಾಡಿಸುತ್ತಾ ಇರಿ, ಇಲ್ಲವಾದರೆ ಹೀಗೇ ಕರಗಿಹೋಗುತ್ತಾರೆ ಎಂದರು. ಪುರಂದರ ದಿನವೂ ಏನಾದರೊಂದು ಕೇಳಿ ನೋಡುತ್ತಿದ್ದ. ಗೋಡೆಗೆ ಚೆಂಡು ಎಸೆದ ಹಾಗೆ ಅವನ ಮಾತು ಅವನಿಗೇ ವಾಪಸು ಬರುತ್ತಿತ್ತು. ಸಂಜೆ ವಸಂತಿ ಟೀವಿಯ ಪಕ್ಕದ ದೇವರ ಮುಂದೆ ದೀಪ ಹಚ್ಚುವಾಗ ಮಾತ್ರ ಶೀನಪ್ಪನವರು ತಾವಾಗಿ ಎದ್ದು ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದರು. ಮಾವನಿಗೆ ಎಣ್ಣೆಬತ್ತಿಯ ಹೊಗೆ ಆಗುವುದಿಲ್ಲ ಎಂದುಕೊಂಡು ಅವಳು ಬತ್ತಿಯನ್ನು ಸಣ್ಣದು ಮಾಡಿದ್ದಳು.

ಒಂದು ಶುಕ್ರವಾರ ಪುರಂದರ ಕಾರ್ಖಾನೆಯ ಹುಡುಗರಿಗೆ ಹಳೆಯ ಫ್ಯಾನು ಕೊಟ್ಟು ಬರಲು ಮುಹೈಸ್ನಾಕ್ಕೆ ಹೊರಟವನು ಅಪ್ಪನನ್ನೂ ಕಾರಿನಲ್ಲಿ ಕೂರಿಸಿಕೊಂಡ. ಕಾರ್ಮಿಕರ ಕ್ಯಾಂಪುಗಳ ಪಕ್ಕದಲ್ಲಿ ನೀರಿನ ಟ್ಯಾಂಕರುಗಳು ಸಾಲಾಗಿ ನಿಂತಿದ್ದವು. ಸಿಗ್ನಲಿನಲ್ಲಿ ಕಾರು ನಿಂತಿತು. ಶೀನಪ್ಪನವರು ಕಿಟಕಿಗೆ ಮುಖ ಒತ್ತಿ, ಎಷ್ಟೋ ತಿಂಗಳಿಂದ ತುಕ್ಕು ಹಿಡಿದ ದನಿಯಲ್ಲಿ ಹೇಳಿದರು.

"ಅಡಿಯ ವಾಲ್ವ್ ಸೋರ್ತಾ ಉಂಟು."

ಪುರಂದರನಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. "ಎಂತ ಅಪ್ಪ? ಏನಂದ್ರಿ?" ಎಂದು ಕೇಳುವಷ್ಟರಲ್ಲಿ ಹಿಂದಿನ ಕಾರಿನವನು ಹಾರ್ನ್ ಬಡಿದ. ಶೀನಪ್ಪನವರು ಮತ್ತೆ ಮಾತಾಡಲಿಲ್ಲ. ಆದರೆ ದಾರಿ ಸಿಕ್ಕಿತು ಎಂದುಕೊಂಡ ಪುರಂದರ. ಮನೆ ಮುಟ್ಟುವುದರೊಳಗೆ ಅವನು ನಿಶ್ಚಯಿಸಿಯಾಗಿತ್ತು: ಅಪ್ಪ ದುಡಿದ ಕಾಲದ ಮೀಟರ್ ಗೇಜಿನ ಒಂದು ನಾಲ್ಕು ಚಕ್ರದ ಟ್ಯಾಂಕ್ ವ್ಯಾಗನ್ನನ್ನು, ಗೇಣಿಗಿಂತ ಚಿಕ್ಕದಾಗಿ, ಒಂದು ಬೋಲ್ಟೂ ತಪ್ಪದಂತೆ ಮಾಡುವುದು. ಮಾಡುವ ನೆಪದಲ್ಲಿ ಅಪ್ಪನನ್ನು ಮಾತಾಡಿಸುವುದು.

ಕೂತು ಹುಡುಕಿದಾಗಲೇ ತೊಂದರೆ ಗೊತ್ತಾದದ್ದು. ಆ ವ್ಯಾಗನ್ನುಗಳೆಲ್ಲ ಗುಜರಿಗೆ ಹೋಗಿ ಬಹಳ ಕಾಲವಾಗಿತ್ತು. ಇಂಟರ್ನೆಟ್ಟಿನಲ್ಲಿ ಹಳೆ ರೈಲುಗಳ ಮಾದರಿ ಮಾಡುವವರ ಒಂದು ಗುಂಪಿತ್ತು. ಸತ್ತ ಗಾಡಿಗಳಿಗೆ ವರ್ಷವರ್ಷ ಶ್ರಾದ್ಧ ಮಾಡುವಂಥ ಮಂದಿ, ಶ್ರದ್ಧೆಯೂ ಹಾಗೇ, ಜಗಳವೂ ಹಾಗೇ. ಅವರ ಕಟ್ಟುಪಾಡುಗಳು ಪುರಂದರನಿಗೆ ಬಲು ಬೇಗ ಹಿಡಿಸಿದವು. ಇನ್ನೊಬ್ಬರ ಮಾದರಿ ನೋಡಿ ಮಾದರಿ ಮಾಡಬಾರದು. ಒಂದು ಪಕ್ಕದ ಫೋಟೋ ನೋಡಿ ಇನ್ನೊಂದು ಪಕ್ಕವನ್ನು ಊಹಿಸಬಾರದು. ಎಲ್ಲಕ್ಕಿಂತ ಮೇಲಾಗಿ, ವ್ಯಾಗನ್ನಿನ ಮೇಲೆ ಬರೆಯುವ ನಂಬರು ನಿಜವಾಗಿ ಓಡಿದ ಒಂದು ವ್ಯಾಗನ್ನಿನದೇ ಆಗಿರಬೇಕು, ಅದಕ್ಕೆ ಫೋಟೋದ ಸಾಕ್ಷಿಯಿರಬೇಕು. ಬಾಯಿಗೆ ಬಂದ ನಂಬರು ಬರೆದವನನ್ನು ಆ ಗುಂಪು ಮನುಷ್ಯನೆಂದೇ ಎಣಿಸುತ್ತಿರಲಿಲ್ಲ.

ಆದರೆ ಫೋಟೋ ಎಲ್ಲಿದೆ? ಎಂಜಿನ್ನಿನ ಫೋಟೋ ಬೇಕಷ್ಟು. ಅದರ ಹಿಂದೆ ಕಟ್ಟಿದ ಎಣ್ಣೆ ಟ್ಯಾಂಕಿನ ಫೋಟೋ ತೆಗೆಯುವ ಹುಚ್ಚ ಯಾರು? ಎಂಜಿನ್ನಿನ ಬಾಲಕ್ಕೆ ಸಿಕ್ಕಿಕೊಂಡ ಅರ್ಧ ಟ್ಯಾಂಕು, ಮರದ ಮರೆಯಲ್ಲಿ ಕಾಲು ಟ್ಯಾಂಕು, ಇಷ್ಟೇ ಸಿಕ್ಕಿದ್ದು. ಉಳಿದದ್ದಕ್ಕೆಲ್ಲ ಅಪ್ಪನೇ ಗತಿ. ಅವನಿಗೆ ಬೇಕಾಗಿದ್ದದ್ದೂ ಅದೇ ತಾನೇ?

"ಅಪ್ಪ, ಏಣಿ ಎರಡೂ ಪಕ್ಕ ಇತ್ತಾ?" ಎಂದು ಒಂದು ಸಂಜೆ ಕೇಳಿದ. ಶೀನಪ್ಪನವರು ಕಿಟಕಿಯ ಕಡೆ ತಿರುಗಿದರು. ಬೇಕೆಂದೇ ಅಕ್ರಿಲಿಕ್ ಕೊಳವೆಗೆ ಏಣಿಯನ್ನು ತಪ್ಪು ಜಾಗದಲ್ಲಿ ಅಂಟಿಸಿ ಅವರ ಮುಂದಿಟ್ಟು ಒಳಗೆ ಹೋದ. ಹೊರಗಿನಿಂದ ದನಿ ಬಂತು.

"ಯಾರೋ ಇದನ್ನು ಹೀಗೆ ಇಟ್ಟದ್ದು? ಈ ಏಣಿ ಹತ್ತಿದವ ಮೇಲಿನ ಮುಚ್ಚಳ ತೆಗೆಯುವುದು ಹೇಗೆ, ಹಾರಿಕೊಂಡಾ?"

ಅಮಿತಾ ಹೋಂವರ್ಕ್ ಬಿಟ್ಟು ಓಡಿ ಬಂದಳು. "ಮಮ್ಮೀ, ಅಜ್ಜ ಈಸ್ ಟಾಕಿಂಗ್!"

ಅಲ್ಲಿಂದ ಮನೆಯಲ್ಲಿ ಹಬ್ಬದ ಕಳೆ. ಶೀನಪ್ಪನವರು ಪುರಂದರನ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡರು. ಬ್ರೇಕಿನ ಸನ್ನೆಕೋಲು ಹೇಗೆ ಬಾಗಿತ್ತು, ಬೇಸಗೆಯಲ್ಲಿ ಕಬ್ಬಿಣ ಮುಟ್ಟಿ ಅಂಗೈ ಹೇಗೆ ಸುಡುತ್ತಿತ್ತು, ಯಾವ ಗಾರ್ಡು ಕೊಡೆ ಬಿಡಿಸಿಕೊಂಡೇ ಗಾಡಿಗೆ ಹಸಿರು ಬಾವುಟ ತೋರಿಸುತ್ತಿದ್ದ, ಎಲ್ಲ ಹೇಳಿದರು. ಮೀನು ಸಾರು ಕೇಳಿ ಎರಡನೇ ಸಲ ಬಡಿಸಿಕೊಂಡರು. ವಸಂತಿ, "ನಿಮ್ಮ ಟ್ಯಾಂಕು ಮುಗಿಯುವುದೇ ಬೇಡ ಮಾರಾಯ್ರೆ, ಹೀಗೇ ಮಾಡ್ತಾ ಇರಿ" ಎಂದಳು. ಅವಳ ಬಾಯಿಯ ಮಾತು ನಡೆದಿದ್ದರೆ ಎಷ್ಟು ಚೆನ್ನಾಗಿತ್ತು.

ಒಂದು ವಿಷಯದಲ್ಲಿ ಮಾತ್ರ ಶೀನಪ್ಪನವರು ಬಗ್ಗಲಿಲ್ಲ. "ನಂಬರು ಯಾವುದು ಹಾಕುವ?" ಎಂದು ಪುರಂದರ ಕೇಳಿದಾಗ ಅವರ ಮುಖ ಬಿಗಿಯಿತು.

"ನಂಬರು ಬೇಡ."

"ನಂಬರಿಲ್ಲದ ವ್ಯಾಗನ್ ಉಂಟಾ ಅಪ್ಪ? ನಮ್ಮ ಗ್ರೂಪಿನವರು ನನ್ನನ್ನು ಉಗಿದು ಉಪ್ಪು ಹಾಕ್ತಾರೆ."

"ಟ್ಯಾಂಕು ಅಂದ್ರೆ ಟ್ಯಾಂಕು. ನಂಬರು ಯಾಕೆ? ಬೇಡ ಅಂದ್ರೆ ಬೇಡ."

ಮುದುಕರಿಗೆ ನಂಬರು ಮರೆತಿದೆ, ಒಪ್ಪಿಕೊಳ್ಳಲು ನಾಚಿಕೆ ಎಂದುಕೊಂಡು ಪುರಂದರ ಒಳಗೊಳಗೇ ನಕ್ಕ. ನಾನೇ ಹುಡುಕಿ ಬೆರಗುಪಡಿಸುತ್ತೇನೆ ಎಂದುಕೊಂಡ.

ಬೇಸಗೆ ಕಳೆಯುವ ಹೊತ್ತಿಗೆ ಅದೃಷ್ಟ ಖುಲಾಯಿಸಿತು. ಗುಂಪಿನವನೊಬ್ಬ, ಗುಜರಿ ಅಂಗಡಿಯಲ್ಲಿ ಸಿಕ್ಕಿತೆಂದು ಹಳೆಯ ಫೋಟೋಗಳ ಒಂದು ಕಟ್ಟನ್ನು ಸ್ಕ್ಯಾನ್ ಮಾಡಿ ಹಾಕಿದ. ಯಾವ ಊರು, ಯಾವ ವರ್ಷ, ಒಂದು ಅಕ್ಷರವೂ ಬರೆದಿರಲಿಲ್ಲ. ಆದರೆ ಫೋಟೋಗಳೆಂದರೆ ಫೋಟೋಗಳು! ಮೀಟರ್ ಗೇಜಿನ ಟ್ಯಾಂಕ್ ವ್ಯಾಗನ್ ಒಂಟಿಯಾಗಿ ನಿಂತಿದೆ. ಎಡಪಕ್ಕ, ಬಲಪಕ್ಕ, ಹಿಂದೆ, ಮುಂದೆ, ಅಡಿಯ ವಾಲ್ವಿನದೇ ಬೇರೆಯೊಂದು. ನಂಬರು ಅಂಕಿ ಅಂಕಿಯೂ ಓದುವ ಹಾಗೆ ಸ್ಪಷ್ಟ. ಸಾಲದ್ದಕ್ಕೆ ಪಕ್ಕದಲ್ಲಿ ಒಬ್ಬ ಮನುಷ್ಯ ಅಳತೆಯ ಕೋಲು ಹಿಡಿದು ನಿಂತಿದ್ದಾನೆ. ಅವನ ತಲೆ ಚೌಕಟ್ಟಿನಾಚೆ ಹೋಗಿದೆ, ಕೋಲಿನ ಗೆರೆಗಳು ಮಾತ್ರ ಒಂದೊಂದೂ ಕಾಣುತ್ತವೆ. ಮಾದರಿ ಮಾಡುವವನಿಗೆ ಇದಕ್ಕಿಂತ ದೊಡ್ಡ ವರ ಯಾವುದು? ಯಾರಿಗೂ ಬೇಡದ ಟ್ಯಾಂಕು ವ್ಯಾಗನ್ನಿಗೆ ಸುತ್ತು ಬಂದು ಯಾರು, ಯಾಕೆ ಇಷ್ಟು ಫೋಟೋ ತೆಗೆದರು, ಕೋಲು ಹಿಡಿಸಿ ಯಾಕೆ ಅಳೆದರು ಎಂದು ಪುರಂದರ ಕೇಳಿಕೊಳ್ಳಲಿಲ್ಲ. ಗುಂಪಿನಲ್ಲಿ ಯಾರೂ ಕೇಳಲಿಲ್ಲ. ಎಲ್ಲರೂ ಕೋಲಿನ ಗೆರೆ ಎಣಿಸುವುದರಲ್ಲಿ ಮುಳುಗಿದ್ದರು.

ಮುಂದಿನ ಕೆಲಸವನ್ನೆಲ್ಲ ಅವನು ಕಾರ್ಖಾನೆಯಲ್ಲೇ ಗುಟ್ಟಾಗಿ ಮಾಡಿ ಮುಗಿಸಿದ. ಬಲಪಕ್ಕದ ಫೋಟೋದಲ್ಲಿ ಅಡಿಯ ವಾಲ್ವಿನಿಂದ ಮೇಲಕ್ಕೆ ಟ್ಯಾಂಕಿನ ಅರ್ಧದವರೆಗೆ ಒಂದು ಅಗಲವಾದ ಕಪ್ಪು ಕಲೆ ಇತ್ತು. ವರ್ಷಗಟ್ಟಲೆ ಎಣ್ಣೆ ಚೆಲ್ಲಿ ಹಿಡಿದ ಕೊಳೆ ಎಂದುಕೊಂಡ. ಗೋಪುರಗಳಿಗೆ ಹೊಳಪು ಹಚ್ಚಿ ಹಚ್ಚಿ ಬೇಸತ್ತಿದ್ದ ಅವನ ಕೈಗೆ ಆ ಕೊಳೆ ಹಬ್ಬವಾಯಿತು. ಕಪ್ಪನ್ನು ತೆಳುವಾಗಿ ಪದರ ಪದರ ಊದಿ, ಅಂಚಿನಲ್ಲಿ ಬಣ್ಣ ಗುಳ್ಳೆಯೆದ್ದು ಸಿಪ್ಪೆ ಸುಲಿದದ್ದನ್ನೂ ಸೂಜಿಯಿಂದ ಕೆರೆದು ತಂದ. ತನ್ನ ಜನ್ಮದಲ್ಲೇ ಇಷ್ಟು ಚೆನ್ನಾಗಿ ಏನನ್ನೂ ಮಾಡಿಲ್ಲ ಅನ್ನಿಸಿತು. ವ್ಯಾಗನ್ನನ್ನು ಒಂದು ತುಂಡು ಹಳಿಯ ಮೇಲೆ ಕೂರಿಸಿ, ಕಾರ್ಖಾನೆಯ ರೂಢಿ ಬಿಡದೆ ಪಕ್ಕದಲ್ಲೊಬ್ಬ ಮನುಷ್ಯನನ್ನೂ ನಿಲ್ಲಿಸಿದ, ಕೈಯಲ್ಲಿ ಹಿತ್ತಾಳೆ ತಂತಿಯ ಕೋಲು ಕೊಟ್ಟು.

ಶುಕ್ರವಾರ ಬೆಳಿಗ್ಗೆ ನೀರುದೋಸೆ ತಿಂದಾದ ಮೇಲೆ ಅವನು ಪೆಟ್ಟಿಗೆ ತಂದು ಅಪ್ಪನ ಮುಂದಿಟ್ಟ. ವಸಂತಿ, ಅಮಿತಾ ಇಬ್ಬರೂ ಬಂದು ನಿಂತರು.

"ತೆಗೆಯಿರಿ ಅಪ್ಪ, ನೋಡಿ ನಿಮ್ಮ ಟ್ಯಾಂಕು."

ಶೀನಪ್ಪನವರು ನಗುತ್ತಲೇ ಮುಚ್ಚಳ ತೆಗೆದರು. ಹಳಿಯ ಮೇಲಿಂದ ವ್ಯಾಗನ್ನನ್ನು ಎತ್ತಿ ಕನ್ನಡಕದ ಹತ್ತಿರ ಹಿಡಿದು ನಂಬರನ್ನು ಒಂದೊಂದೇ ಅಂಕಿಯಾಗಿ ಓದಿದರು. ಕೊನೆಯ ಅಂಕಿಗೆ ಬರುವಾಗ ದನಿ ಉಳಿದಿರಲಿಲ್ಲ. ಬಲಪಕ್ಕಕ್ಕೆ ತಿರುಗಿಸಿದರು. ಹೆಬ್ಬೆರಳನ್ನು ಆ ಕಪ್ಪಿನ ಮೇಲಿಟ್ಟರು, ಬಿಸಿ ತಾಗಿದವರ ಹಾಗೆ ಹಿಂದಕ್ಕೆ ತೆಗೆದರು.

"ಬೀಫಾತಿಮ" ಎಂದರು.

"ಯಾರಪ್ಪ?"

"ಹಸನಬ್ಬನ ಹೆಂಡತಿ. ಪಕ್ಕದ ಕ್ವಾರ್ಟರ್ಸಿನವಳು. ನಿನ್ನನ್ನು ಸೊಂಟದಿಂದ ಇಳಿಸದೆ ಸಾಕಿದವಳು. ನಿನಗೆ ನೆನಪಿರ್ಲಿಕ್ಕಿಲ್ಲ."

ಆಮೇಲೆ ಅವರು ಹೇಳಿದ್ದನ್ನು ಯಾರೂ ನಡುವೆ ತಡೆಯಲಿಲ್ಲ. ಆ ವ್ಯಾಗನ್ನಿನಲ್ಲಿದ್ದದ್ದು ಪೆಟ್ರೋಲು. ಅಡಿಯ ವಾಲ್ವ್ ಸೋರುತ್ತಿದೆ ಎಂದು ಶೀನಪ್ಪನವರೇ ಅದನ್ನು ಗಾಡಿಯಿಂದ ಕಳಚಿ ಬದಿಯ ಹಳಿಯಲ್ಲಿ ನಿಲ್ಲಿಸಿದ್ದರು. ದೊಡ್ಡ ಸ್ಟೇಷನ್ನಿನಿಂದ ಜನ ಬರುವವರೆಗೆ ಯಾರನ್ನೂ ಹತ್ತಿರ ಬಿಡದೆ ಕಾಯುವ ಕೆಲಸವೂ ಅವರದೇ. ಹಸನಬ್ಬ ರೈಲ್ವೆಯಲ್ಲೇ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಕಾಲು ಮುರಿದುಕೊಂಡು ಮಲಗಿದ್ದ, ಮನೆಯಲ್ಲಿ ಒಲೆ ಉರಿಯುವುದು ಕಷ್ಟವಾಗಿತ್ತು. ಹೇಗೂ ಮಣ್ಣಿಗೆ ಹೋಗುವ ಪೆಟ್ರೋಲು, ಹಿಡಿದಿಟ್ಟರೆ ಜೀಪಿನವರು ಕೊಳ್ಳುತ್ತಾರೆ ಎಂದು ಶೀನಪ್ಪನವರು ಬೀಫಾತಿಮಳಿಗೆ ಹೇಳಿದರು. ಹಗಲು ಬಂದರೆ ಸ್ಟೇಷನ್ ಮಾಸ್ಟರು ನೋಡುತ್ತಾರಲ್ಲ!

"ಕತ್ತಲಾದ ಮೇಲೆ ಕೊಡಪಾನ ಹಿಡ್ಕೊಂಡು ಬಾ ಅಂದದ್ದು ನಾನು" ಎಂದರು ಶೀನಪ್ಪನವರು. "ಕತ್ತಲಲ್ಲಿ ಬರುವವಳು ಲಾಟೀನು ಹಿಡಿಯದೆ ಬರ್ತಾಳಾ? ಅಷ್ಟು ನನ್ನ ತಲೆಗೆ ಹೋಗ್ಲಿಲ್ಲ. ದೂರದಿಂದ ದೀಪ ಕಂಡು ಕೂಗಿಕೊಂಡೆ. ಅವಳು ನನ್ನನ್ನು ಕಂಡು, ಇಗೋ ಬಂದೆ ಅಂತ ಲಾಟೀನು ಎತ್ತಿ ತೋರಿಸಿದಳು."

ವಸಂತಿ ಅಮಿತಾಳನ್ನು ಹೆಗಲು ಹಿಡಿದು ಒಳಗೆ ಕರೆದುಕೊಂಡು ಹೋದಳು.

"ಮರುದಿನ ಸಾಹೇಬರು ಬಂದರು, ಫೋಟೋದವ ಬಂದ. ಕದಿಯಲು ಬಂದವಳು ಅಂತ ಬರ್ಕೊಂಡರು. ಹೌದಾ ಶೀನಪ್ಪ ಅಂತ ಕೇಳಿದರು. ನಾನು ಹೌದು ಅಂದೆ." ಅವರು ಹಳಿಯ ಪಕ್ಕದ ಗೊಂಬೆಯನ್ನು ತೋರಿಸಿದರು. "ಕೋಲು ಹಿಡಿಲಿಕ್ಕೆ ನಿಲ್ಲಿಸಿದ್ದು ನನ್ನನ್ನೇ."

ಪುರಂದರ ವ್ಯಾಗನ್ನಿಗೆ ಕೈ ಚಾಚಿದ. "ನಂಬರು ಅಳಿಸ್ತೇನೆ ಅಪ್ಪ, ಈಗಲೇ ಅಳಿಸ್ತೇನೆ" ಎಂದ. ಎಷ್ಟು ಸಣ್ಣ ಮಾತು ಎಂದು ಹೇಳುವಾಗಲೇ ಅವನಿಗೆ ಗೊತ್ತಾಯಿತು. ತನ್ನನ್ನು ಎತ್ತಿ ಸಾಕಿದವಳು ಬೆಂದುಹೋದ ಗುರುತನ್ನು ಅವನು ವಾರಗಟ್ಟಲೆ ಕೂತು, ಸಂತೋಷದಿಂದ, ಸೂಜಿಯಲ್ಲಿ ಕೆರೆದು ತಿದ್ದಿದ್ದ. ಅಪ್ಪನನ್ನು ಮಾತಾಡಿಸಬೇಕೆಂದು ಹೊರಟವನು ಅವರೊಳಗಿದ್ದ ಕೊನೆಯ ಮಾತನ್ನೂ ಹೊರಗೆ ಎಳೆದುಬಿಟ್ಟಿದ್ದ. ಆ ದಿನದ ನಂತರ ಶೀನಪ್ಪನವರು ಬಾಯಿ ತೆರೆಯಲಿಲ್ಲ. ಮೀನು ಸಾರನ್ನು ಪಕ್ಕಕ್ಕೆ ಸರಿಸಿದರು. ಡಾಕ್ಟರು ಮತ್ತೆ ಅದನ್ನೇ ಹೇಳಿದರು, ಮಾತಾಡಿಸಿ ಎಂದು.

ಮಾದರಿಯನ್ನು ಒಡೆದು ಬಿಸಾಡಲು ಪುರಂದರ ಎರಡು ಸಲ ಕೈ ಹಾಕಿದ. ಎರಡು ಸಲವೂ ಶೀನಪ್ಪನವರು ಅವನ ಮಣಿಕಟ್ಟು ಹಿಡಿದರು. ಆ ಕೈಯಲ್ಲಿ ಅಷ್ಟು ಬಲ ಇನ್ನೂ ಇತ್ತು. ಹಾಗಾಗಿ ಟ್ಯಾಂಕು ಟೀವಿಯ ಪಕ್ಕಕ್ಕೆ ಬಂದು ಅಲ್ಲೇ ಉಳಿಯಿತು. ಸಂಜೆ ವಸಂತಿ ಬೆಂಕಿಪೆಟ್ಟಿಗೆಗೆ ಕೈಹಾಕಿದಳೆಂದರೆ ಶೀನಪ್ಪನವರು ಸೋಫಾದಿಂದ ಏಳುತ್ತಿದ್ದರು. ವ್ಯಾಗನ್ನನ್ನು ಎರಡೂ ಕೈಯಲ್ಲಿ ಎತ್ತಿ, ಕೋಲು ಹಿಡಿದ ಗೊಂಬೆಯನ್ನು ಖಾಲಿ ಹಳಿಯ ಪಕ್ಕ ಬಿಟ್ಟು, ಗೋಡೆಗೆ ಹೆಗಲು ತಾಗಿಸಿಕೊಂಡು ಬೆಡ್‌ರೂಮಿನ ಆಚೆ ಮೂಲೆಗೆ ಹೋಗಿ ಇಟ್ಟು ಅದಕ್ಕೆ ಅಡ್ಡ ನಿಲ್ಲುತ್ತಿದ್ದರು. ದೀಪ ಆರಿದ ಮೇಲೆ ವಾಪಸು ತಂದು ಹಳಿಯ ಮೇಲೆ ಕೂರಿಸುತ್ತಿದ್ದರು.

ನೋಡಲಾರದೆ ವಸಂತಿ ಒಂದು ದಿನ ಎಣ್ಣೆ ಬತ್ತಿಗಳನ್ನೆಲ್ಲ ಕಟ್ಟಿಟ್ಟು, ದೇರಾದ ಅಂಗಡಿಯಿಂದ ಸ್ವಿಚ್ಚಿನ ದೀಪ ತಂದು ದೇವರ ಮುಂದೆ ಇಟ್ಟಳು. "ಇದಕ್ಕೆ ಬೆಂಕಿ ಇಲ್ಲ ಮಾವ, ನೋಡಿ, ಮುಟ್ಟಿ ನೋಡಿ" ಎಂದು ಅವರ ಬೆರಳನ್ನು ಹಿಡಿದು ಆ ಪ್ಲಾಸ್ಟಿಕ್ಕಿನ ಜ್ವಾಲೆಯ ಮೇಲಿಟ್ಟಳು. ಶೀನಪ್ಪನವರು ತಲೆಯಾಡಿಸಿದರು. ಮರುದಿನ ಸಂಜೆ ಅವಳು ಸ್ವಿಚ್ಚು ಹಾಕಿದಾಗ ಎದ್ದು ಬಂದು ಟ್ಯಾಂಕನ್ನು ಎತ್ತಿಕೊಂಡು ಒಳಗೆ ಹೋದರು.